ದೊಡ್ಡಪ್ಪನ ಬಸ್ಸಿನ ಪ್ರಾರ್ಥನೆ

ನಮ್ಮ ದೊಡ್ಡಪ್ಪನ ಬಸ್ಸು ಹತ್ತಿದವರು ತೀರ್ಥಹಳ್ಳಿ ಮುಟ್ಟುವುದು ಖಾತ್ರಿಯಿಲ್ಲ, ಸ್ವರ್ಗ ಮುಟ್ಟುವುದು ಮಾತ್ರ ಖಂಡಿತ ಎಂದು ಸಾಗರದಲ್ಲಿ ಹೇಳುತ್ತಿದ್ದರು! ಅವರ ಡ್ರೈವಿಂಗ್ ಕೆಟ್ಟದೆಂದಲ್ಲ. ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ ಪ್ರಾರ್ಥಿಸದೆ ಅವರು ಗೇರು ಮುಟ್ಟುತ್ತಿರಲಿಲ್ಲ, ಅಷ್ಟೆ. ಬಸ್ಸಿನ ತುಂಬ ಭಟ್ಟರು, ಗೌಡರು, ಸಾಬರು. ಎಲ್ಲರೂ ಪಾಪ, ಸಂತೆಚೀಲ ತೊಡೆಯ ಮೇಲಿಟ್ಟುಕೊಂಡು ಗಪ್‌ಚಿಪ್!

ಅವರ ಒಬ್ಬನೇ ಮಗ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದಲ್ಲಿ ಫಿಟ್ಟರ್. ಅಲ್ಲಿಗೆ ಸೇರಿದವನು ನಿಧಾನಕ್ಕೆ ಚರ್ಚಿಗೆ ಹೋಗುವುದನ್ನೇ ಬಿಟ್ಟ. ಆಗಿನಿಂದ ಅಪ್ಪನ ಪ್ರಾರ್ಥನೆ ಬೆಳೆಯಿತು. ಪ್ರಯಾಣಿಕರ ಕ್ಷೇಮ ಮುಗಿದ ಮೇಲೆ ಮಗನ ಆತ್ಮದ ಸರದಿ! ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾದ.

ಬರೀ ಪ್ರಾರ್ಥನೆ ಸಾಲದೆಂದು ದೊಡ್ಡಪ್ಪ ಒಂದು ದಿನ ಪಾದ್ರಿಗಳನ್ನೇ ಕರೆದುಕೊಂಡು ಮಗನ ಕ್ವಾರ್ಟರ್ಸಿಗೆ ಹೋದರು. ಮಗ ಕಾಫಿ ಕೊಟ್ಟ, ಅಣೆಕಟ್ಟು ತೋರಿಸಿದ. ವಾಪಸು ಬರುವಾಗ ದೊಡ್ಡಪ್ಪ ಆಸೆಯಿಂದ ಕೇಳಿದರು:

"ಏನಂದ ಫಾದರ್?"

"ಆ ಕ್ರೇನು ಎಷ್ಟು ಭಾರ ಎತ್ತುತ್ತೆ ಗೊತ್ತೇನ್ರೀ!"

ಸುದ್ದಿ ಬಸ್ಸಿಗೆಲ್ಲ ಹಬ್ಬಿತು. ರಿಪ್ಪನ್‌ಪೇಟೆಯಲ್ಲಿ ಇಳಿಯುವ ಭಟ್ಟರೊಬ್ಬರು ದಿನವೂ ವಿಚಾರಿಸತೊಡಗಿದರು. "ಎಂತ ಡ್ರೈವರೇ, ನಿಮ್ಮನೆ ಮಾಣಿ ಚರ್ಚಿಗೆ ಹೋದ್ನಾ ಇಲ್ಯಾ? ಅಂವ ಹೋಗದೆ ಎಂಗಳಿಗೆ ಹೊತ್ತಿಗೆ ಸರಿಯಾಗಿ ಮನೆ ಮುಟ್ಲಾಗ್ತಿಲ್ಲೆ!" ಕೊನೆಗೆ ತಾಳಲಾರದೆ ಅವರೇ ಲಿಂಗನಮಕ್ಕಿಗೆ ಹೋಗಿ ಹುಡುಗನಿಗೆ ಬುದ್ಧಿ ಹೇಳಿ ಬಂದರು. ಜನಿವಾರದ ಭಟ್ಟರು ಕ್ರೈಸ್ತರ ಹುಡುಗನನ್ನು ಚರ್ಚಿಗೆ ಅಟ್ಟಿದ್ದನ್ನು ಬೇರೆಲ್ಲಾದರೂ ಕೇಳಿದ್ದೀರಾ?

ಕ್ರಿಸ್‌ಮಸ್ಸಿಗೆ ಮಗ ಬಂದೇ ಬಂದ! ಚರ್ಚಿನಲ್ಲಿ ಅವನ ಪಕ್ಕ ನಿಂತ ದೊಡ್ಡಪ್ಪ ಎಷ್ಟು ಗಟ್ಟಿಯಾಗಿ ಹಾಡಿದರೆಂದರೆ ಹಾರ್ಮೋನಿಯಂನವನು ಬಾರಿಸುವುದನ್ನೇ ನಿಲ್ಲಿಸಿಬಿಟ್ಟ. ಪೂಜೆ ಮುಗಿಸಿ ಅಂಗಳಕ್ಕೆ ಬಂದಾಗ ಮಗ ಮೆಲ್ಲಗೆ ಹೇಳಿದ:

"ಅಪ್ಪಾ, ನಿಮ್ಮ ಖುಷಿಗೆ ಬಂದೆ. ನನ್ನೊಳಗೆ ಏನೂ ಇಲ್ಲ. ಇದೆ ಅಂತ ಸುಳ್ಳು ಹೇಳಕ್ಕಾಗಲ್ಲ."

ದೊಡ್ಡಪ್ಪ ತಲೆಯಾಡಿಸಿ, ಮಗನ ಜೊತೆ ಮನೆಯ ದಾರಿ ಹಿಡಿದರು.

ಮರುದಿನ ಮಗ ಹೊರಟುಹೋದ ಮೇಲೆ ದೊಡ್ಡಪ್ಪ ಜಗಲಿಯಲ್ಲಿ ಕೂತು ದೊಡ್ಡಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು. "ಸಣ್ಣೋನಿದ್ದಾಗ ಬಾರುಕೋಲು ಹಿಡ್ಕಂಡು ಜಪ ಹೇಳ್ಸಿದೆ ಕಣೇ. ದೇವ್ರು ಅಂದ್ರೆ ಅವನಿಗೆ ನನ್ನ ಕೋಲೇ ನೆನಪಾಗ್ತದೆ. ಇನ್ನೆಲ್ಲಿಂದ ಬರ್ತಾನೆ?"

"ದೇವ್ರ ಹತ್ರ ಬರ್ದೇ ಇದ್ರೆ ಬ್ಯಾಡ. ನಮ್ ಹತ್ರನಾದ್ರೂ ಬರ್ಲಿ ಅನ್ನಿ" ಅಂದರು ದೊಡ್ಡಮ್ಮ.

ದೊಡ್ಡಪ್ಪ ಹಾಗೆಯೇ ಹೇಳಿ ಕಳಿಸಿದರು: ಚರ್ಚಿಗೆ ಬೇಡ, ಊಟಕ್ಕೆ ಬಾ.

ಮುಂದಿನ ಭಾನುವಾರವೇ ಮಗ ಬಂದ. ಕೋಳಿಸಾರು ಮಾಡಿದ್ದರು. ದೊಡ್ಡಪ್ಪ ತಾವೇ ಅವನ ತಟ್ಟೆಗೆ ಬಡಿಸಿ, "ಉಣ್ಣು ಮಗಾ, ಅನ್ನ ಆರ್ತದೆ" ಎಂದರು.

ಮಗ ಅನ್ನಕ್ಕೆ ಕೈ ಹಾಕಲಿಲ್ಲ. "ಮೊದ್ಲು ನಿಮ್ಮ ಪ್ರಾರ್ಥನೆ ಹೇಳಿ ಅಪ್ಪಾ. ನಾ ಕಾಯ್ತೀನಿ."

ದೊಡ್ಡಪ್ಪ ಕಣ್ಣು ಮುಚ್ಚಿ ಶುರುಮಾಡಿದರು. ಅರ್ಧಕ್ಕೇ ಕಣ್ಣು ತೆರೆದು ಮಗನನ್ನೇ ನೋಡುತ್ತ ಕೂತುಬಿಟ್ಟರು. ಉಳಿದದ್ದನ್ನು ದೊಡ್ಡಮ್ಮ ಹೇಳಿ ಮುಗಿಸಿದರು.