ಹರಿಹರದಿಂದ ಬರುವ ತೊಟ್ಟಿಲು

ನಮ್ಮ ಸಮಾಜದ ಗುರುಗಳು ಐಕ್ಯರಾಗಿ ಎಷ್ಟೋ ತಲೆಮಾರುಗಳಾಗಿವೆ. ಆದರೂ ಅವರು ದಾವಣಗೆರೆಯ ನಮ್ಮ ಪಾಠಶಾಲೆಯಲ್ಲಿ ಪ್ರತಿವರ್ಷ ಹುಟ್ಟುತ್ತಿದ್ದರು. ಅದೂ ಹೇಗೆ? ನಮ್ಮ ಮಾವ ‘ಹೂಂ’ ಅಂದ ಮೇಲೆಯೇ! ನಗಬೇಡಿ, ನಾನು ಆ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು, ಕಣ್ಣಾರೆ ಕಂಡಿದ್ದೇನೆ.

ಜಯಂತಿಯ ದಿನ ಗುರುಗಳ ಪಟವನ್ನು ಹೊಸ ವಸ್ತ್ರದಲ್ಲಿ ಸುತ್ತಿ ತೊಟ್ಟಿಲಿಗೆ ಹಾಕುವುದು, ಹೆಣ್ಣುಮಕ್ಕಳು ಜೋಗುಳ ಹಾಡಿ ತೂಗುವುದು ನಮ್ಮ ಪದ್ಧತಿ. ಎಲ್ಲರೂ ಅಜ್ಜಯ್ಯ ಎಂದು ಕರೆಯುವ ಆ ಬಿಳಿಗಡ್ಡದ ಮಹಾತ್ಮರು ಅಂದು ಒಂದು ಗಳಿಗೆ ಕೂಸಾಗುತ್ತಿದ್ದರು. ತೊಟ್ಟಿಲು ಬರಬೇಕಾದದ್ದು ಹರಿಹರದಿಂದ, ನನ್ನ ಸೋದರಮಾವನ ಮನೆಯಿಂದ. ಮಾವ ಬಂದು, ತೊಲೆಗೆ ಹಗ್ಗ ಬಿಗಿದು, ಒಪ್ಪಿಗೆ ಕೊಡುವವರೆಗೆ ಅಜ್ಜಯ್ಯ ಮೇಜಿನ ಮೇಲೆ ಕಾಯುತ್ತಿದ್ದರು!

ಆ ತೊಟ್ಟಿಲಲ್ಲಿ ಅತ್ತೆಯ ಎರಡು ಕೂಸುಗಳು ಮಲಗಿದ್ದವು. ಎರಡೂ ಉಳಿಯಲಿಲ್ಲ. ಅದನ್ನು ಅಟ್ಟಕ್ಕೆ ಹಾಕಲು ಅತ್ತೆ ಒಪ್ಪಲಿಲ್ಲ, ಮಾರಲೂ ಬಿಡಲಿಲ್ಲ. ವರ್ಷಕ್ಕೊಮ್ಮೆಯಾದರೂ ಅದರಲ್ಲೊಂದು ಕೂಸು ಮಲಗಬೇಕು ಅನ್ನುವುದೊಂದೇ ಅವರ ಆಸೆ. ಜಯಂತಿಯ ಹಿಂದಿನ ದಿನ ಅದನ್ನು ತೊಳೆದು, ಒರೆಸಿ, ಒಗೆದ ಸೀರೆ ಹಾಸಿ ಕೊಡುತ್ತಿದ್ದರು. ತಾವು ಮಾತ್ರ ಬರುತ್ತಿರಲಿಲ್ಲ. ಕೂಸು ಕಳಕೊಂಡವರು ತೊಟ್ಟಿಲ ಶಾಸ್ತ್ರದಲ್ಲಿ ನಿಲ್ಲಬಾರದೆಂದು ಹಿಂದೆ ಯಾರೋ ಹಿರಿಯಳು ಅಂದಿದ್ದಳಂತೆ. ಅಂದವಳು ಮರೆತಿರಬಹುದು, ಅತ್ತೆ ಮರೆಯಲಿಲ್ಲ.

ಮಾವನದು ಹರಿಹರದ ಪೇಟೆಯಲ್ಲಿ ಹಗ್ಗದ ಅಂಗಡಿ. ಅಂಗಡಿಕಾರ ತನ್ನ ಮಾಲನ್ನು ಹೊಗಳಬೇಕಲ್ಲವೇ? ಇವರು ಕೊಳ್ಳಲು ಬಂದವರನ್ನೇ ಹೆದರಿಸಿ ಕಳಿಸುತ್ತಿದ್ದರು!

“ಯಜಮಾನ್ರ, ಈ ಹಗ್ಗ ಎಷ್ಟು ದಿನ ಬರ್ತೈತೆ?”

“ನಿನ್ನ ಎತ್ತು ಇರೋ ತನಕ.”

“ಎತ್ತು ಎಷ್ಟು ದಿನ ಇರ್ತೈತೆ?”

“ನನಗೂ ಅದೇ ಚಿಂತಿ ನೋಡಪಾ!”

ಆ ರೈತ ಹಗ್ಗ ಅಲ್ಲೇ ಬಿಟ್ಟು, ಎತ್ತು ನೋಡಲು ಊರಿಗೆ ಓಡಿದನಂತೆ. ಮದುವೆಗೆ ಹೋದರೆ ಮಾವ ಮೊದಲು ಚಪ್ಪರದ ಕಂಬ ಅಲ್ಲಾಡಿಸಿ ನೋಡುವರು, ಆಮೇಲೆ ಮದುಮಕ್ಕಳನ್ನು. ಎರಡರ ಬಗ್ಗೆಯೂ ಅವರಿಗೆ ನಂಬಿಕೆ ಇರುತ್ತಿರಲಿಲ್ಲ. ಹೊಳೆಯ ಸೇತುವೆ ದಾಟುವಾಗಲಂತೂ ಉಸಿರು ಬಿಗಿಹಿಡಿದು, ಜೊತೆಗಿದ್ದವರಿಗೆ “ಮೆಲ್ಲಕ ಕಾಲಿಡ್ರಿ” ಅನ್ನುತ್ತಿದ್ದರು. ಮೇಲೆ ಲಾರಿ ಹೋಗುತ್ತಿದ್ದರೂ ಸೇತುವೆ ಬಿದ್ದರೆ ನಮ್ಮ ಕಾಲಿನಿಂದಲೇ ಬೀಳುತ್ತದೆಂದು ಅವರ ಲೆಕ್ಕ!

ತೊಟ್ಟಿಲನ್ನು ಪ್ಯಾಸೆಂಜರ್ ಗಾಡಿಯಲ್ಲಿ ಮಡಿಲಲ್ಲಿಟ್ಟುಕೊಂಡೇ ತರುತ್ತಿದ್ದರು. ಒಮ್ಮೆ ಟಿಕೆಟ್ ನೋಡುವವನು ತಮಾಷೆಗೆ ಕೇಳಿದ.

“ತೊಟ್ಟಿಲು ತಂದೀರಿ, ಕೂಸೆಲ್ಲಿ?”

“ದಾವಣಗೆರ್‍ಯಾಗೆ ಹುಟ್ಟೋದೈತೆ.”

“ಯಾರಿಗ್ರೀ?”

“ಸಮಾಜಕ್ಕೆ!”

ಪಾಪ, ಅವನು ಮುಂದಿನ ಡಬ್ಬಿಗೆ ಹೋದ.

ಶಾಲೆಗೆ ಬಂದ ಮೇಲೆ ಪರೀಕ್ಷೆ. ಪಟದ ಭಾರ ಎಷ್ಟಿದ್ದೀತು? ಮಾವ ಮಾತ್ರ ಪ್ರಸಾದಕ್ಕೆ ತಂದ ಅಕ್ಕಿಚೀಲವನ್ನೇ ತೊಟ್ಟಿಲಲ್ಲಿಟ್ಟು ತೂಗುತ್ತಿದ್ದರು. ಅತ್ತ ಸ್ವಾಗತ ಭಾಷಣ ನಡೆದಿದೆ, ಇತ್ತ ಅಕ್ಕಿ ಜೋಲಿ ಹೊಡೆಯುತ್ತಿದೆ! ಹೆಡ್‌ಮಾಸ್ತರರು ಒಮ್ಮೆ ತಾಳ್ಮೆಗೆಟ್ಟು, “ಸಾಕು ಬಿಡ್ರಿ, ಬೀಳಾದಿಲ್ಲ” ಅಂದರು. “ಭಾರಕ್ಕ ಬೀಳಾದಿಲ್ರೀ. ನಮ್ಮ ಹಣೇಬರಕ್ಕ ಬೀಳ್ತೈತೆ” ಅಂದರು ಮಾವ. 

ಹೀಗೆ ನಡೆದಿತ್ತು. ಮೈಸೂರು ರಾಜ್ಯ ದೊಡ್ಡದಾದ ಹೊಸತು, ಊರಲ್ಲೂ ಎಲ್ಲರಿಗೂ ಎಲ್ಲವೂ ದೊಡ್ಡದಾಗಬೇಕಿತ್ತು. ಆ ವರ್ಷ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಶಾಲೆಗೆ ಹಿತ್ತಾಳೆಯ ತೊಟ್ಟಿಲು ಕೊಟ್ಟರು. ಕೊಟ್ಟರೆ ಕೊಡಲಿ, ಎರಡನ್ನೂ ತೂಗಿದರಾಯಿತು ಅಂದುಕೊಂಡೆ. ಆದರೆ ಕಮಿಟಿಯಲ್ಲಿ ಯಾರೋ ಮಾತು ತೆಗೆದರು: ಕೂಸು ಉಳಿಯದ ತೊಟ್ಟಿಲಲ್ಲಿ ಗುರುಗಳನ್ನು ಮಲಗಿಸುವುದು ಅಪಶಕುನವಂತೆ. ಇಷ್ಟು ವರ್ಷ ಮಲಗಿದ್ದಾಗ ಗುರುಗಳಿಗೆ ಏನಾಗಿತ್ತಪ್ಪಾ? ಕೇಳುವವರಾರು! ಹೆಡ್‌ಮಾಸ್ತರರು ನನ್ನನ್ನು ಕರೆದು, “ನಿಮ್ಮ ಮಾವನಿಗೆ ನೀವೇ ಹೇಳ್ರಿ” ಅಂದು ಕೈ ತೊಳೆದುಕೊಂಡರು.

ಹರಿಹರಕ್ಕೆ ಹೋದೆ. ಅಂಗಡಿಯಲ್ಲಿ ಕೂತು, ಹೊಸ ತೊಟ್ಟಿಲು ಬಂದಿದೆ ಅಂದೆ. ಮಾವ ಹಗ್ಗ ಸುತ್ತುತ್ತಲೇ ಇದ್ದರು.

“ಅದಲ್ಲಪಾ ಅಳಿಯ, ಪೂರಾ ಹೇಳು.”

ಹೇಳಿದೆ. ಬೈಯುತ್ತಾರೆ, ಶಾಪ ಹಾಕುತ್ತಾರೆ ಅಂದುಕೊಂಡಿದ್ದೆ. ಮಾವ ಸುತ್ತಿದ ಹಗ್ಗವನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದರು.

“ಅವರದೂ ತಪ್ಪಲ್ಲ. ಅವರವರ ಮಕ್ಕಳ ಹೆದರಿಕಿ ಅವರಿಗೆ ಇರ್ತೈತೆ. ನಿಮ್ಮತ್ತಿಗೆ ಮಾತ್ರ ಹೇಳಬ್ಯಾಡ.”

ಜಯಂತಿ ಭರ್ಜರಿಯಾಗಿಯೇ ಆಯಿತು. ಹಿತ್ತಾಳೆಯ ತೊಟ್ಟಿಲು ಫಳಫಳ ಹೊಳೆಯಿತು, ಸಾಹುಕಾರರ ಸೊಸೆ ತೂಗಿದರು. ಆ ತೊಟ್ಟಿಲು ಒಮ್ಮೆ ಕಳಚಿ ಬೀಳಲಿ ಎಂದು ನಾನು ಒಳಗೊಳಗೇ ಬಯಸುತ್ತಿದ್ದೆ. ಬೀಳಲಿಲ್ಲ. ನನಗೆ ಪ್ರಸಾದ ತಿನ್ನಲು ಮನಸ್ಸಾಗಲಿಲ್ಲ. ಅದನ್ನೇ ಎಲೆಯಲ್ಲಿ ಕಟ್ಟಿಕೊಂಡು, ಒಂದಿಷ್ಟು ಹೂವನ್ನೂ ಕುಂಕುಮದ ಪೊಟ್ಟಣವನ್ನೂ ಇಟ್ಟುಕೊಂಡು, ಮಾವನನ್ನು ನೋಡಿ ಬರೋಣವೆಂದು ಸಂಜೆ ಸ್ಟೇಷನ್ನಿಗೆ ಬಂದೆ.

ಪ್ಲಾಟ್‌ಫಾರಂನ ಬೆಂಚಿನ ಮೇಲೆ ಮಾವ ಕೂತಿದ್ದರು. ಮಡಿಲಲ್ಲಿ ತೊಟ್ಟಿಲು! ಬೆಳಗಿನ ಗಾಡಿಗೇ ಬಂದವರು ಅಲ್ಲಿಂದ ಎದ್ದಿರಲಿಲ್ಲ.

“ಮಾವಾ! ಇಲ್ಲಿ ಯಾಕ ಕುಂತೀರಿ?”

“ಮನ್ಯಾಗೆ ಬಿಟ್ಟು ಬಂದಿದ್ರೆ ಅಕಿ ಯಾಕಂತ ಕೇಳ್ತಿದ್ದಳು. ಏನಂತ ಹೇಳ್ಲಿ?” ಅಂದರು. ಆಮೇಲೆ ನನ್ನ ಕೈ ನೋಡಿದರು. “ಅದೇನು, ಪ್ರಸಾದನಾ? ಕೊಡಿಲ್ಲಿ.”

ಹೂವಿನ ಎಸಳು ಬಿಡಿಸಿ ಹಾಸಿದ ಸೀರೆಯ ಮೇಲೆ ಉದುರಿಸಿದರು. ಪೊಟ್ಟಣದ ಕುಂಕುಮವನ್ನು ತೊಟ್ಟಿಲ ಅಂಚಿಗೆ ಹಚ್ಚಿದರು. ಸೀರೆ ಬಹಳ ನೀಟಾಗಿದೆ ಅನ್ನಿಸಿತೋ ಏನೋ, ನಡುವೆ ಅಂಗೈಯಿಂದ ಒತ್ತಿ, ಯಾರೋ ಮಲಗಿ ಎದ್ದಂತೆ ಸ್ವಲ್ಪ ಮುದುರಿದರು.

“ಯಾವ ಹಾಡು ಹಾಡಿದ್ರು? ಯಾರು ತೂಗಿದ್ರು? ಸರಿಯಾಗಿ ಹೇಳಪಾ. ನನಗೆ ಸುಳ್ಳು ಹೇಳಿ ರೂಢಿ ಇಲ್ಲ, ಎಲ್ಲಿ ಸಿಕ್ಕಿಬೀಳ್ತೀನೋ.”

ಗಾಡಿಯಲ್ಲಿ ಹರಿಹರದವರೆಗೂ ಅದನ್ನೇ ಬಾಯಿಪಾಠ ಮಾಡಿದರು. ನಾನು ಕಿಟಕಿಯ ಹೊರಗೆ ಮುಖ ಹಾಕಿ ಕೂತೆ. ಅಳು ತಡೆಯಲಾಗುತ್ತಿರಲಿಲ್ಲ.

ಅತ್ತೆ ದೀಪ ಹಚ್ಚಿ ಬಾಗಿಲಲ್ಲೇ ನಿಂತಿದ್ದರು. ತೊಟ್ಟಿಲು ಇಸಿದುಕೊಂಡು, ಒಂದು ಎಸಳು ತೆಗೆದು ಕಣ್ಣಿಗೊತ್ತಿಕೊಂಡರು. ಮಾವ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದರು: ಇಂಥ ಹಾಡು, ಇಂಥವರು ತೂಗಿದರು, ಇಷ್ಟು ಜನ. ಅತ್ತೆ ಅದ್ಯಾವುದನ್ನೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಮುದುರಿದ ಸೀರೆಯ ಮೇಲೆ ಕೈಯಾಡಿಸುತ್ತ, ಮೆಲ್ಲಗೆ ಕೇಳಿದರು.

“ಅಜ್ಜಯ್ಯ ಅತ್ತನೇನ್ರಿ?”

ಇದನ್ನು ನಾವು ಕಲಿತಿರಲಿಲ್ಲ. ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಅತ್ತ,” ಅಂದರು ಮಾವ. “ನಿನ್ನ ತೊಟ್ಟಿಲಿಗೆ ಹಾಕಿದ ಕೂಡ್ಲೆ ಸುಮ್ಮನಾದ.”