‘ಟೀ’ ಎಂದವರೇ ಕೊಡಬೇಕು

ಬಾಯಿ ಮುಚ್ಚಿಕೊಂಡಿರುವವರ ಜೇಬು ಯಾವತ್ತೂ ಬೆಚ್ಚಗಿರುತ್ತದೆ. ನನ್ನ ಜೇಬು ತಣ್ಣಗಿರುವುದಕ್ಕೆ ಕಾರಣ ಸಂಬಳವಲ್ಲ, ಬಾಯಿ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ಅಜ್ಜಂಪುರದಲ್ಲಿ ನಾನು ಲೆಕ್ಕ ಬರೆಯುವ ಈರುಳ್ಳಿ ಮಂಡಿಯಲ್ಲಿ ಒಂದು ಪದ್ಧತಿಯಿದೆ. ‘ಟೀ’ ಎಂಬ ಮಾತನ್ನು ಮೊದಲು ಯಾರು ಎತ್ತುತ್ತಾರೋ ಅವರೇ ಎಲ್ಲರ ಟೀಗೂ ದುಡ್ಡು ಕೊಡಬೇಕು. ಹಾಗಾಗಿ ಸಂಜೆಯಾಗುತ್ತಿದ್ದಂತೆ ಎಲ್ಲರೂ ಆಕಳಿಸುತ್ತಾರೆ, ಮೈಮುರಿಯುತ್ತಾರೆ, ‘ಯಾಕೋ ತಲೆ ಹಿಡ್ದಂಗಾಯ್ತು’ ಎನ್ನುತ್ತಾರೆ. ಆ ಪದ ಮಾತ್ರ ಯಾರ ಬಾಯಿಂದಲೂ ಬೀಳುವುದಿಲ್ಲ. ತೂಕ ಮಾಡುವ ರುದ್ರಪ್ಪನಂತೂ ಈ ವಿದ್ಯೆಯಲ್ಲಿ ಪಳಗಿದವನು. ಕೊನೆಗೆ ತಡೆಯಲಾರದೆ ಬಾಯಿ ಬಿಡುವವನು ನಾನೇ.

ಕೊರೊನಾ ಕಾಲದಲ್ಲಿ ನಾನು ಎರಡೂ ಡೋಸ್ ಹಾಕಿಸಿಕೊಂಡು, ಸರ್ಟಿಫಿಕೇಟನ್ನು ಮೊಬೈಲಿನಲ್ಲಿಟ್ಟುಕೊಂಡು ಕೇಳದವರಿಗೂ ತೋರಿಸುತ್ತಾ ಓಡಾಡುತ್ತಿದ್ದೆ. ಮಂಡಿಯಲ್ಲಿ ಬಾಕಿ ಉಳಿದವನು ರುದ್ರಪ್ಪ ಒಬ್ಬನೇ. ಈರುಳ್ಳಿ ಮೂಟೆಯನ್ನು ಹೆಗಲಿಗೆ ಎಸೆದುಕೊಳ್ಳುವ ಆಸಾಮಿ, ಸೂಜಿ ಎಂದರೆ ಬೆವರುತ್ತಿದ್ದ. ಮಂಡಿಯ ಯಜಮಾನರಾದ ಸಾಹೇಬರು ಹಾರ್ಟ್ ಆಪರೇಷನ್ ಆದವರು. ಅವರ ಮುಂದೆ ನಾನು ದೊಡ್ಡ ಮನುಷ್ಯನಂತೆ, ‘ಲಸಿಕೆ ಹಾಕಿಸ್ಕೊಳ್ದೇ ಇರೋರು ವಾರವಾರ ಟೆಸ್ಟ್ ಮಾಡಿಸ್ಲಿ ಸಾಹೇಬ್ರೇ’ ಎಂದುಬಿಟ್ಟೆ. ಸಾಹೇಬರಿಗೆ ಹಿಡಿಸಿಬಿಟ್ಟಿತು. ರುದ್ರಪ್ಪನನ್ನು ಕರೆದು, ‘ರಿಪೋರ್ಟ್ ತರೋವರ್ಗೂ ಮಂಡಿ ಕಡೆ ಬರ್ಬೇಡ ಕಣಪ್ಪಾ’ ಎಂದರು. ಬರದಿದ್ದರೆ ಕೂಲಿಯಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಟೆಸ್ಟ್ ಇತ್ತು, ಆದರೆ ರಿಪೋರ್ಟಿಗೆ ಕಾಯಬೇಕು. ಅವತ್ತೇ ಬೇಕೆಂದರೆ ತರೀಕೆರೆಯ ಖಾಸಗಿ ಲ್ಯಾಬಿಗೆ ದುಡ್ಡು ಸುರಿಯಬೇಕು. ರುದ್ರಪ್ಪನ ಮುಖ ಸಪ್ಪಗಾಯಿತು.

‘ದುಡ್ಡು ಯಾರು ಕೊಡೋದು?’ ಎಂದ.

‘ಸೂಜಿ ಬ್ಯಾಡ ಅಂದೋನು ನೀನು, ನೀನೇ ಕೊಡು’ ಎಂದರು ಸಾಹೇಬರು.

‘ಟೆಸ್ಟು ಬೇಕು ಅಂದೋರು ನೀವು!’

ಇಬ್ಬರ ನಡುವೆ ತೀರ್ಪು ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅದೇ ತಪ್ಪಾಯಿತು. ರುದ್ರಪ್ಪ ನನ್ನ ಕಡೆ ತಿರುಗಿ, ‘ಅಲ್ಲ ಗುಮಾಸ್ತ್ರೇ, ಆ ಮಾತು ಮೊದ್ಲು ಎತ್ತಿದ್ದು ಯಾರು?’ ಎಂದ. ಸಾಹೇಬರು ತೀರಾ ಗಂಭೀರವಾಗಿ, ‘ಹೌದಲ್ವೇ, ಪದ್ಧತಿ ಅಂದ್ರೆ ಪದ್ಧತೀನೇ ಕಣ್ರೀ’ ಎಂದರು.

ಅಂತೂ ಬಸ್ ಚಾರ್ಜನ್ನೂ ಕೊಟ್ಟು ಅವನನ್ನು ತರೀಕೆರೆಗೆ ಕರೆದೊಯ್ದೆ. ಲ್ಯಾಬಿನಲ್ಲಿ ಮೂಗಿಗೆ ಕಡ್ಡಿ ಎಂದೊಡನೆ ರುದ್ರಪ್ಪ ಬಾಗಿಲಿಗೆ ಓಡಿದ. ಅವನಿಗೆ ಧೈರ್ಯ ತುಂಬಲು ಮೊದಲು ನಾನೇ ಮೂಗು ಕೊಟ್ಟೆ. ಅದಕ್ಕೂ ಬೇರೆ ದುಡ್ಡು. ಅಜ್ಜಂಪುರಕ್ಕೆ ವಾಪಸಾಗುವಷ್ಟರಲ್ಲಿ ಮೊಬೈಲಿಗೆ ರಿಪೋರ್ಟ್ ಬಂದಿತ್ತು. ರುದ್ರಪ್ಪ ನೆಗೆಟಿವ್, ನಾನು ಪಾಸಿಟಿವ್! ಅವನು ಮಂಡಿಗೆ ಹೋದ, ನಾನು ಕೋಣೆ ಸೇರಿದೆ. ಲಸಿಕೆಯ ಪುಣ್ಯ, ನೆಗಡಿಯಷ್ಟರಲ್ಲೇ ಮುಗಿಯಿತು. ಬಾಯಿರುಚಿಯೊಂದು ಹೋಗಿತ್ತು.

ಒಂದು ಸಂಜೆ ಗೇಟಿನ ಹತ್ತಿರ ರುದ್ರಪ್ಪ ಬಂದು ನಿಂತ. ‘ಸೂಜಿ ಹಾಕಿಸ್ಕೊಂಬಿಟ್ಟೆ ಗುಮಾಸ್ತ್ರೇ. ಆ ಕಡ್ಡಿಗಿಂತ ಇದೇ ವಾಸಿ’ ಎಂದು ಕಾಂಪೌಂಡಿನ ಮೇಲೆ ಒಂದು ಫ್ಲಾಸ್ಕ್ ಇಟ್ಟ. ‘ಬಿಸಿಬಿಸಿ ಐತೆ, ಕುಡೀರಿ.’

ನನಗೆ ಕಣ್ಣು ತುಂಬಿ ಬಂತು. ಎಷ್ಟಾದರೂ ಒಳ್ಳೆಯವನು! ಕಿಟಕಿಯಿಂದಲೇ, ‘ಅಯ್ಯೋ, ಟೀ ತಂದ್ಯೇನಪ್ಪಾ!’ ಎಂದೆ.

ರುದ್ರಪ್ಪ ಮಾಸ್ಕ್ ಸರಿಸಿ ಹಲ್ಲು ಬಿಟ್ಟ. ‘ಹಂಗಾದ್ರೆ ಹೋಟ್ಲೋನಿಗೆ ನಿಮ್ ಹೆಸ್ರೇ ಹೇಳ್ತೀನಿ.’