ಟವೆಲ್ಲುಗಳು ಹಾಜರಾದ ಕಾರ್ಯಾಗಾರ

ಬನಹಟ್ಟಿ
ಶ್ರಾವಣ, 2018

ಆನ್‌ಲೈನ್ ವೇದಿಕೆ ಆಯ್ಕೆ ಸಮಿತಿಯ ಸನ್ಮಾನ್ಯ ಅಧ್ಯಕ್ಷರಿಗೆ,

ಮಾನ್ಯರೇ,

ತಾವು, ತಮ್ಮ ಸಮಿತಿ, ಸಮಿತಿಯ ಉಪಸಮಿತಿ ಹಾಗೂ ತಮ್ಮ ಕಚೇರಿಯ ವೈಫೈ ಎಲ್ಲವೂ ಕ್ಷೇಮವೆಂದು ನಂಬಿ, ನೇಕಾರರ ಓಣಿಯ ನಂದಾ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ವಿಶ್ವವಿದ್ಯಾಲಯದ ಅಂಕವಿಲ್ಲದ, ಪರೀಕ್ಷೆಯಿಲ್ಲದ ಕಾರ್ಯಾಗಾರಗಳ ಸಾಲಿನಲ್ಲಿ ‘ಸೀರೆಯ ಅಂಚಿಗೆ ಬಣ್ಣ ಹೊಂದಿಸುವುದು’ ಎಂಬ ಪಾಠ ಹೇಳಲು ತಾವು ಕರೆದದ್ದು ನನ್ನನ್ನೇ. ಆ ಪಾಠವನ್ನು ನಾನು ಹೇಳದೆಯೇ ಅದು ಅಭೂತಪೂರ್ವ ಯಶಸ್ಸು ಕಂಡಿತೆಂದು ತಾವು ಪತ್ರಿಕಾ ಪ್ರಕಟಣೆ ಹೊರಡಿಸಿರುವುದರಿಂದ, ತಮ್ಮನ್ನು ಅಭಿನಂದಿಸುವುದು ನನ್ನ ಕರ್ತವ್ಯವಾಗಿದೆ.

ವೇದಿಕೆ ಆರಿಸಲು ತಾವು ಪಟ್ಟ ಶ್ರಮ ಸಣ್ಣದಲ್ಲ. ಮನೆಯಲ್ಲೇ ಕುಳಿತು ನೋಡಬಹುದಾದ ಆ್ಯಪುಗಳ ಬಗ್ಗೆ ಚರ್ಚಿಸಲು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಗೂ ಕಾರಿನಲ್ಲಿ ಓಡಾಡಿದಿರಿ. ಎಷ್ಟು ಜನ ಬೇಕಾದರೂ ಸೇರಬಹುದಾದ ಆ್ಯಪು ಪುಕ್ಕಟೆಯಾಗಿ ಸಿಗುತ್ತಿದ್ದರೂ, ಜಾಗ ಧಾರಾಳವಾಗಿದ್ದರೆ ನಮ್ಮ ಜನ ಬರುವುದಿಲ್ಲ ಎಂದು ಅದನ್ನು ತಳ್ಳಿಹಾಕಿದಿರಿ. ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಖಾಲಿ ಬಸ್ಸಿನತ್ತ ಯಾರೂ ತಿರುಗಿ ನೋಡುವುದಿಲ್ಲ, ತುಂಬಿದ ಬಸ್ಸಿಗೇ ಜೋತುಬೀಳುತ್ತಾರೆ ಎಂಬುದು ತಮ್ಮ ಸಂಶೋಧನೆ. ಹೀಗಾಗಿ ನೂರು ಜನ ಆದೊಡನೆ ಬಾಗಿಲು ಮುಚ್ಚಿಕೊಳ್ಳುವ ಆ್ಯಪು ಆಯ್ಕೆಯಾಯಿತು, ‘ಸೀಟುಗಳು ಸೀಮಿತ, ತ್ವರೆ ಮಾಡಿ’ ಎಂಬ ಬ್ಯಾನರು ಊರೂರಲ್ಲಿ ಹಾರಾಡಿತು.

ಮಾನ್ಯರೇ, ಬಸ್ಸಿನ ಅರ್ಧ ವಿಷಯವನ್ನಷ್ಟೇ ತಾವು ಸಂಶೋಧಿಸಿದಿರಿ. ಸೀಟು ಕಡಿಮೆ ಎಂದು ಗೊತ್ತಾದರೆ ನಮ್ಮ ಕಡೆಯವರು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಇಲ್ಲಿಯೂ ಅದನ್ನೇ ಮಾಡಿದರು. ಬೆಳಿಗ್ಗೆಯೇ ಲಿಂಕ್ ಒತ್ತಿ ಒಳಹೊಕ್ಕು, ಫೋನಿನ ಮುಂದೆ ಟವೆಲ್ಲೋ ಕರ್ಚೀಫೋ ಇಳಿಬಿಟ್ಟು, ಚಹಾ ಕುಡಿಯಲು ಹೊರಟುಹೋದರು. ಡ್ರೈವರ್ ಬಂದು ಕೂರುವವರೆಗೂ ಬಸ್ಸಿನೊಳಗೆ ಕುಳಿತು ಬೇಯುವ ರೂಢಿ ನಮ್ಮಲ್ಲಿಲ್ಲ. ಪಾಠ ಹೇಳುವವಳು ಬಂದ ಮೇಲೆ ಒಳಗೆ ಬರೋಣವೆಂದು ಅವರೆಲ್ಲ ಹೊರಗೆ, ಅವರ ಟವೆಲ್ಲುಗಳು ಜಾಗ ಬಿಟ್ಟರೆ ಒಳಗೆ ಹೋಗೋಣವೆಂದು ನಾನೂ ಹೊರಗೆ. ಇದೆಲ್ಲ ನನಗೆ ಆಮೇಲೆ ತಾವು ಹೆಮ್ಮೆಯಿಂದ ಕಳಿಸಿದ ವಿಡಿಯೊ ನೋಡಿ ತಿಳಿಯಿತು.

ಆ ಹೊತ್ತಿನಲ್ಲಿ ನನಗೆ ಕಂಡದ್ದು ‘ತರಗತಿ ಭರ್ತಿಯಾಗಿದೆ, ನಂತರ ಪ್ರಯತ್ನಿಸಿ’ ಎಂಬ ಒಂದೇ ಸಾಲು. ನಮ್ಮ ಮನೆಯ ಸ್ಥಿತಿ ತಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮದುವೆಯಾದಾಗಿನಿಂದ ನಾನು ಕಾಗದದ ಮೇಲೆ ಅಂಚು ಬರೆಯುವುದನ್ನು ಕಂಡು ‘ಕೆಲಸಿಲ್ಲದಾಕಿ’ ಎನ್ನುತ್ತಿದ್ದ ನಮ್ಮ ಅತ್ತೆ ಬೋರವ್ವನವರು, ತಮ್ಮ ಆಮಂತ್ರಣ ಬಂದ ದಿನ ಓಣಿಯ ಮನೆಮನೆಗೂ ಹೋಗಿ ‘ನಮ್ಮ ಸೊಸಿ ಯುನಿವರ್ಸಿಟಿಗೆ ಪಾಠ ಹೇಳಾಕತ್ತಾಳ್ರಿ’ ಎಂದು ಹೇಳಿ ಬಂದಿದ್ದರು. ನನ್ನ ದನಿ ಕೇಳಲೆಂದು ಓಣಿಯ ಅಷ್ಟೂ ಪವರ್‌ಲೂಮುಗಳನ್ನು ಒಂದು ತಾಸು ನಿಲ್ಲಿಸಿದ್ದರು. ಕರೆಂಟ್ ಹೋಗದೆ ನಮ್ಮ ಓಣಿ ಅಷ್ಟು ಸುಮ್ಮನಾದದ್ದನ್ನು ನಾನು ಕಂಡೇ ಇರಲಿಲ್ಲ. ಆ ಮೌನದಲ್ಲಿ, ಹೊಸ ಸೀರೆಯುಟ್ಟು, ಎಲ್ಲರ ಎದುರು ನಾನು ಲಿಂಕ್ ಒತ್ತುತ್ತಲೇ ಇದ್ದೆ. ಕೊನೆಗೆ ಅತ್ತೆಯವರು ‘ಏನ್ ಮಾಸ್ತರಿಣಿಯಬೇ ನೀ, ನಿನ್ನ ಸಾಲಿ ಬಾಗ್ಲಾನ ನಿನಗ ತೆಗೀವಲ್ದು’ ಎಂದರು. ನನಗೆ ಅಳು ಬಂತು, ಮಾನ್ಯರೇ. ಒಂದು ತಾಸು ಮುಗಿಯುತ್ತಲೇ ಲೂಮುಗಳು ಮತ್ತೆ ಶುರುವಾದದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಒಳಗಿದ್ದ ಏಕೈಕ ಮನುಷ್ಯರಾದ ತಮ್ಮ ಸಂಯೋಜಕ ಗಿರಿಮಲ್ಲಪ್ಪನವರ ಕರ್ತವ್ಯನಿಷ್ಠೆಯನ್ನು ಹೊಗಳದಿದ್ದರೆ ತಪ್ಪಾದೀತು. ನಾನು ಫೋನ್ ಮಾಡಿದಾಗಲೆಲ್ಲ ಅದನ್ನು ಕಟ್ ಮಾಡಿ, ತೊಂಬತ್ತೊಂಬತ್ತು ಬಟ್ಟೆಗಳಿಗೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಎಲ್ಲವನ್ನೂ ಚಾಚೂತಪ್ಪದೆ ನೆರವೇರಿಸಿದರು. ನನ್ನ ಪರಿಚಯವನ್ನಂತೂ ಎಷ್ಟು ಚೆನ್ನಾಗಿ ಮಾಡಿದರೆಂದರೆ, ಅಂಥ ಹೆಂಗಸಿನ ಪಾಠ ಕೇಳಬೇಕೆಂದು ನನಗೇ ಆಸೆಯಾಯಿತು. ಆಮೇಲೆ ತುಸು ಹೊತ್ತು ಸುಮ್ಮನೆ ಕಾದು, ‘ಮೇಡಮ್ಮರು ಭಾಳ ಛಲೋ ತಿಳಿಸಿ ಹೇಳಿದ್ರಿ’ ಎಂದು ವಂದನಾರ್ಪಣೆ ಮುಗಿಸಿದರು. ಶೇಕಡಾ ನೂರು ಹಾಜರಾತಿ ಇತ್ತು, ಯಾರೂ ನಡುವೆ ಎದ್ದು ಹೋಗಲಿಲ್ಲ, ಯಾರೂ ಆಕಳಿಸಲಿಲ್ಲ ಎಂದು ತಮ್ಮ ವರದಿ ಹೇಳುತ್ತದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಹಾಜರಾದವರಿಗೆಲ್ಲ ಪ್ರಮಾಣಪತ್ರ ತಲುಪಿದೆ. ನನಗೆ ಮಾತ್ರ ‘ತಾವು ಗೈರುಹಾಜರಾಗಿದ್ದೇಕೆ’ ಎಂದು ಕೇಳುವ ನೋಟಿಸು ತಲುಪಿದೆ. ಅದಕ್ಕೆ ಉತ್ತರವಾಗಿ ಕೆಲವು ಕೋರಿಕೆಗಳನ್ನು ತಮ್ಮ ಪಾದದಲ್ಲಿ ಇಡುತ್ತೇನೆ. ಮುಂದಿನ ಕಾರ್ಯಾಗಾರದ ಆ್ಯಪಿಗೆ ದಯವಿಟ್ಟು ಒಬ್ಬ ಕಂಡಕ್ಟರನ್ನು ನೇಮಿಸಿ, ‘ಮುಂದ ಸರೀರಿ, ಒಳಗ ಜಗಾ ಐತಿ’ ಎಂದು ಟವೆಲ್ಲುಗಳನ್ನು ಗದರಿಸಲು ಅವನಿಗೆ ಅಧಿಕಾರ ಕೊಡಿ. ಅದು ಆಗದಿದ್ದರೆ ಆ್ಯಪಿನ ಹಿಂದೆ ಒಂದು ಏಣಿ ಇಡಿಸಿ, ಪಾಠ ಹೇಳುವವರು ಟಾಪಿನ ಮೇಲೆ ಬುಟ್ಟಿಗಳ ಪಕ್ಕದಲ್ಲಾದರೂ ಕುಳಿತು ಬರುತ್ತಾರೆ. ಇನ್ನು, ತರಬೇತಿ ಪಡೆದ ಆ ಟವೆಲ್ಲುಗಳ ಪೈಕಿ ಎರಡು ನಮ್ಮ ಮನೆಯಲ್ಲೇ ನೇಯ್ದು ಮಾರಿದವು. ಒಗೆದರೆ ಬಣ್ಣ ಬಿಡುವ ಅವುಗಳಿಗೆ ಬಣ್ಣ ಹೊಂದಿಸುವ ವಿದ್ಯೆಯಲ್ಲಿ ಪ್ರಮಾಣಪತ್ರ ಸಿಕ್ಕಿರುವುದರಿಂದ, ಅವುಗಳಿಗೆ ಎಲ್ಲಿಯಾದರೂ ಅತಿಥಿ ಉಪನ್ಯಾಸಕರ ಹುದ್ದೆ ದಯಪಾಲಿಸಬೇಕು. ನನಗೇನೂ ಬೇಡ. ಅರ್ಧ ತಾಸಿನ ಪಾಠ ಇನ್ನೂ ಗಂಟಲಲ್ಲೇ ಇದೆ, ಅದನ್ನು ಒಮ್ಮೆ ಯಾರಾದರೂ ಕೇಳಿಸಿಕೊಂಡರೆ ಸಾಕು.

ಇಂತಿ, ತಮ್ಮ ಬಾಗಿಲ ಹೊರಗೆ ನಿಂತಿರುವ ವಿಶ್ವಾಸಿ,
ನಂದಾ

ತಾ.ಕ.: ವಿಡಿಯೊದ ಮೊದಲ ಚೌಕದಲ್ಲಿ, ತಮ್ಮ ಹೆಸರಿನ ಮೇಲುಗಡೆ, ಖಾಲಿ ಕುರ್ಚಿಗೆ ಹೊದಿಸಿದ್ದ ಜರಿಯಂಚಿನ ಶಾಲನ್ನು ಓಣಿಯವರೆಲ್ಲ ಕುಳಿತು ನೋಡಿದೆವು. ನನಗೆ ಸತ್ಕಾರ ಮಾಡಲು ತಂದ ಶಾಲು ಅದೇ ಎಂದು ಗಿರಿಮಲ್ಲಪ್ಪನವರು ಒಪ್ಪಿಕೊಂಡಿದ್ದಾರೆ. ಅದನ್ನು ನನಗೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ತಾವು ಬಾರದ ಸಭೆಯಲ್ಲಿ ಕೊನೆಯವರೆಗೂ ತಮ್ಮ ಜಾಗದಲ್ಲಿ ಕುಳಿತು ಮರ್ಯಾದೆ ಉಳಿಸಿದ ಶಾಲು ಅದು. ಸಮಿತಿಯ ಮುಂದಿನ ಅಧ್ಯಕ್ಷಗಿರಿಯನ್ನು ಅದಕ್ಕೇ ಕೊಟ್ಟರೆ ನಮ್ಮ ಓಣಿಯಿಂದ ಏನೂ ತಕರಾರಿಲ್ಲ.